ಮಳೆಯ ಮರುದಿನ ಸಿಕ್ಕ ರಾಣಿ ಇರುವೆ ಯಾವುದು? ಗುರುತಿಸುವ ಕ್ರಮ

ಭರಣಿಯೋ ಕೃತ್ತಿಕೆಯೋ, ವರ್ಷದ ಮೊದಲ ಒಳ್ಳೆಯ ಮಳೆ ಸುರಿದ ಮರುದಿನ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಂಗಳದಲ್ಲಿ ದೊಡ್ಡದೊಂದು ಇರುವೆ ಸಿಕ್ಕಿದೆ, ರೆಕ್ಕೆ ಉದುರಿದೆ. ಇದು ಯಾವ ಜಾತಿಯ ರಾಣಿ?" ಜೊತೆಗೆ, ನಿಂತ ಎತ್ತರದಿಂದಲೇ ತೆಗೆದ ಒಂದು ಮಸುಕಾದ ಫೋಟೊ. ಅಂಥ ಫೋಟೊದಿಂದ ಯಾರೂ ಸರಿಯಾದ ಉತ್ತರ ಕೊಡಲಾರರು. ಆದರೆ ಒಂದು ಭೂತಕನ್ನಡಿ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ಆ ಇರುವೆಯ ಕುಲವನ್ನು ನೀವೇ ಕಂಡುಕೊಳ್ಳಬಹುದು.

ಎರಡು ಪದಗಳನ್ನು ಮೊದಲೇ ಬಿಡಿಸಿಕೊಳ್ಳೋಣ. ಒಂದೇ ಬಗೆಯ, ತಮ್ಮತಮ್ಮಲ್ಲೇ ಸಂತಾನ ಬೆಳೆಸುವ ಜೀವಿಗಳ ಗುಂಪು 'ಪ್ರಭೇದ'. ಹತ್ತಿರದ ಸಂಬಂಧದ ಪ್ರಭೇದಗಳನ್ನು ಒಟ್ಟುಗೂಡಿಸಿದರೆ 'ಕುಲ'. ಕ್ಯಾಂಪೊನೋಟಸ್ ಎಂಬುದು ಕುಲದ ಹೆಸರು. ನಮ್ಮ ಮನೆಯ ಸುತ್ತ ಓಡಾಡುವ ಕರಿಯ ಗೊದ್ದ, ಅಂದರೆ ಕಟ್ಟಿರುವೆ, ಬಹುಮಟ್ಟಿಗೆ ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬ ಪ್ರಭೇದ. ಭಾರತದಲ್ಲಿ ದಾಖಲಾಗಿರುವ ಇರುವೆಗಳು 800ಕ್ಕೂ ಹೆಚ್ಚು. ಒಂಟಿ ರಾಣಿಯನ್ನು ನೋಡಿ ಕುಲದವರೆಗೆ ಧೈರ್ಯವಾಗಿ ಹೋಗಬಹುದು. ಪ್ರಭೇದ ಹೇಳಲು ಹಲವು ಸಲ ಅದರ ಮಕ್ಕಳು ಹುಟ್ಟುವವರೆಗೆ ಕಾಯಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ, ಕಾರಣ ಮುಂದೆ ಬರುತ್ತದೆ.

ಬೇಕಾಗುವ ವಸ್ತುಗಳು

ಹತ್ತು ಪಟ್ಟು ಹಿಗ್ಗಿಸುವ ಕೈ ಭೂತಕನ್ನಡಿ (ಕಲ್ಲು ಪರೀಕ್ಷಿಸುವ ಆಭರಣದವರು ಬಳಸುವಂಥದ್ದು), ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್, ಗಾಜಿನ ಟೆಸ್ಟ್ ಟ್ಯೂಬ್, ಹತ್ತಿ, ಮಿಲಿಮೀಟರ್ ಗೆರೆಯ ಅಳತೆಪಟ್ಟಿ, ಬಿಳಿ ಹಾಳೆ, ಮೃದುವಾದ ಬಣ್ಣದ ಕುಂಚ, ಪೆನ್ಸಿಲ್. ಚಿಮುಟ ಬೇಡ. ಕಾಲು, ಕುಡಿಮೀಸೆ (ತಲೆಯಿಂದ ಹೊರಟ ಎರಡು ಸ್ಪರ್ಶದ ಎಳೆಗಳು) ಮುರಿಯುವುದು ಚಿಮುಟದಿಂದಲೇ.

ಹಂತ 1: ಹಿಡಿಯುವ ಮೊದಲೇ ಬರೆದುಕೊಳ್ಳಿ

ಸ್ಥಳ, ದಿನಾಂಕ, ಗಂಟೆ, ಮಳೆ ಯಾವಾಗ ನಿಂತಿತು, ದೀಪದ ಬಳಿ ಸಿಕ್ಕಿತೋ ನೆಲದ ಮೇಲೋ ಎಲೆಯ ಮೇಲೋ, ರೆಕ್ಕೆ ಇತ್ತೋ ಇಲ್ಲವೋ. ಇಷ್ಟನ್ನು ಅಲ್ಲಿಯೇ ಬರೆದುಕೊಳ್ಳಿ. ಸಂಜೆಗೆ ನೆನಪಿನಿಂದ ಬರೆದರೆ ತಪ್ಪುತ್ತದೆ. ರಾಣಿ ಮತ್ತು ಗಂಡು ಇರುವೆಗಳು ಗೂಡಿನಿಂದ ಹಾರಿ ಕೂಡುವುದಕ್ಕೆ ಪ್ರತಿ ಪ್ರಭೇದಕ್ಕೂ ಅದರದೇ ಋತು, ಅದರದೇ ಹೊತ್ತು ಇದೆ. ಕೆಲವು ಮುಸ್ಸಂಜೆಗೆ ಹಾರುತ್ತವೆ, ಕೆಲವು ನಡುರಾತ್ರಿ, ಕೆಲವು ಹಗಲು. ರಾಯಚೂರಿನ ಎರೆಹೊಲದಲ್ಲಿ ಸಿಕ್ಕ ರಾಣಿಗೂ ಆಗುಂಬೆಯ ಕಾಡಂಚಿನಲ್ಲಿ ಸಿಕ್ಕ ರಾಣಿಗೂ ಸಾಧ್ಯತೆಗಳ ಪಟ್ಟಿಯೇ ಬೇರೆ. ಸ್ಥಳ ಬರೆಯದ ಫೋಟೊ ಎಷ್ಟೇ ಚೆನ್ನಾಗಿದ್ದರೂ ಅರ್ಧ ಉಪಯೋಗ ಕಳೆದುಕೊಂಡಿರುತ್ತದೆ.

ಹಿಡಿಯುವಾಗ ಟ್ಯೂಬಿನ ಬಾಯನ್ನು ಇರುವೆಯ ಮುಂದಿಟ್ಟು ಕುಂಚದಿಂದ ಹಿಂದಿನಿಂದ ಮೆಲ್ಲಗೆ ತಳ್ಳಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯಬಾರದು. ಅಲ್ಲಿ ಫೋಟೊ ಮಾತ್ರ.

ಹಂತ 2: ಇದು ಇರುವೆಯೇ? ರಾಣಿಯೇ?

ನನಗೆ ಬರುವ ಫೋಟೊಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಇತ್ಯರ್ಥವಾಗುತ್ತದೆ.

ಮಳೆಹುಳ, ಈಸುಳ್ಳೆ ಎಂದೆಲ್ಲ ನಾವು ಕರೆಯುವುದು ರೆಕ್ಕೆ ಬಂದ ಗೆದ್ದಲನ್ನು. ಗೆದ್ದಲಿಗೆ ಸೊಂಟ ಸಣ್ಣದಾಗಿರುವುದಿಲ್ಲ, ಕುಡಿಮೀಸೆ ಮಣಿಸರದಂತೆ ನೇರ, ನಾಲ್ಕು ರೆಕ್ಕೆಗಳೂ ಒಂದೇ ಅಳತೆ. ಇರುವೆಗೆ ಹಿಡಿಯಷ್ಟೇ ಸೊಂಟ, ಮೊಣಕೈಯಂತೆ ಮಡಚಿದ ಕುಡಿಮೀಸೆ, ಹಿಂದಿನ ರೆಕ್ಕೆಗಳಿಗಿಂತ ಮುಂದಿನವು ಉದ್ದ.

ಮೈತುಂಬ ಮಖಮಲ್ಲಿನಂಥ ಕೂದಲು, ಕಪ್ಪು ಮೈಮೇಲೆ ಬಿಳಿ ಅಥವಾ ಕಿತ್ತಳೆ ಚುಕ್ಕೆ ಇದ್ದು ನೆಲದ ಮೇಲೆ ಚುರುಕಾಗಿ ಓಡುವುದು ಕಂಡರೆ ಮುಟ್ಟಬೇಡಿ. ಅದು ರೆಕ್ಕೆಯಿಲ್ಲದ ಹೆಣ್ಣು ಕಣಜ, ಕಚ್ಚಿದರೆ ಬಹಳ ಹೊತ್ತು ನೋಯುತ್ತದೆ. ಎಂಟು ಕಾಲು ಎಣಿಸಿದಿರಾದರೆ ಅದು ಇರುವೆಯ ವೇಷದ ಜೇಡ.

ಮಳೆಗಾಲದ ರಾತ್ರಿ ಬೀದಿದೀಪಕ್ಕೆ ಬಂದು ಬೀಳುವ, ಉದ್ದನೆಯ ಕಂದು ಹೊಟ್ಟೆಯ, ಗಟ್ಟಿಯಾಗಿ ಗುಂಯ್‌ಗುಡುವ ಹುಳುವನ್ನು "ದೈತ್ಯ ರಾಣಿ" ಎಂದು ಕಳಿಸುವವರು ಪ್ರತಿ ವರ್ಷ ಇರುತ್ತಾರೆ. ಅದು ಡೋರಿಲಸ್ ಕುಲದ ಗಂಡು. ಆ ಕುಲದ ರಾಣಿಗೆ ರೆಕ್ಕೆಯೇ ಇಲ್ಲ. ಅದು ನೆಲದೊಳಗಿನಿಂದ ಹಾರಿ ಬರುವ ಪ್ರಶ್ನೆಯೇ ಇಲ್ಲ.

ಹಾಗಾದರೆ ರಾಣಿಯ ಗುರುತು ಏನು? ಎದೆಗೂಡು ನೋಡಿ. ಹಾರಲು ಬೇಕಾದ ಸ್ನಾಯುಗಳನ್ನು ಹೊತ್ತ ರಾಣಿಯ ಎದೆ ಉಬ್ಬಿ, ಹಲಗೆ ಹಲಗೆಯಾಗಿ ವಿಭಾಗವಾಗಿರುತ್ತದೆ. ರೆಕ್ಕೆ ಕಳಚಿದ್ದರೆ ಎರಡೂ ಪಕ್ಕದಲ್ಲಿ ಸಣ್ಣ ಕಡಿದ ಗುರುತು ಉಳಿದಿರುತ್ತದೆ. ನೆತ್ತಿಯ ಮೇಲೆ ತ್ರಿಕೋನವಾಗಿ ಮೂರು ಬಿಂದುಗಳಂಥ ಒಂಟಿಕಣ್ಣುಗಳು ಕಾಣುತ್ತವೆ. ಕೆಲಸಗಾರ ಇರುವೆಯಲ್ಲಿ ಎದೆ ಸಪೂರ, ಒಂಟಿಕಣ್ಣುಗಳು ಸಾಮಾನ್ಯವಾಗಿ ಇರುವುದಿಲ್ಲ. ಗೊದ್ದದ ದೊಡ್ಡ ತಲೆಯ ಕೆಲಸಗಾರನನ್ನು ರಾಣಿಯೆಂದು ತಿಳಿಯುವುದು ತೀರ ಸಾಮಾನ್ಯ ತಪ್ಪು. ತಲೆ ದೊಡ್ಡದಿದ್ದರೆ ರಾಣಿಯಾಗುವುದಿಲ್ಲ, ಎದೆ ದೊಡ್ಡದಿರಬೇಕು. ಗಂಡಿಗೆ ಎದೆ ಉಬ್ಬಿದ್ದರೂ ತಲೆ ಚಿಕ್ಕದು, ಕಣ್ಣು ದೊಡ್ಡದು, ದವಡೆ ಬಡಕಲು.

ಇನ್ನೊಂದು ವಿಶೇಷ ಗೊತ್ತಿರಲಿ. ಮೈಯೆಲ್ಲ ಹೆಬ್ಬೆರಳ ಗುರುತಿನಂಥ ಸೂಕ್ಷ್ಮ ಗೆರೆಗಳಿರುವ, ಒಂಟಿಯಾಗಿ ಬೇಟೆಯಾಡುವ ಕರಿಯ ಡಯಾಕಾಮ್ಮ ಇರುವೆಯಲ್ಲಿ ರಾಣಿ ಎಂಬ ಪ್ರತ್ಯೇಕ ಆಕಾರವೇ ಇಲ್ಲ. ಗೂಡಿನ ಒಬ್ಬ ಕೆಲಸಗಾರ್ತಿಯೇ ಕೂಡಿ ಮೊಟ್ಟೆಯಿಡುತ್ತಾಳೆ. ಎಷ್ಟು ಹುಡುಕಿದರೂ ರೆಕ್ಕೆಯ ರಾಣಿ ಸಿಗುವುದಿಲ್ಲ.

ಹಂತ 3: ಫೋಟೊ ಮತ್ತು ಅಳತೆ, ಮೊದಲ ದಿನವೇ

ಇದನ್ನು ಮುಂದೂಡಬೇಡಿ. ಕೂಡಿ ಬಂದ ರಾಣಿ ಒಂದೆರಡು ದಿನಗಳಲ್ಲಿ ಮೊಟ್ಟೆಯಿಡಲು ಶುರು ಮಾಡಬಹುದು. ಆಮೇಲೆ ದಿನವೂ ಬೆಳಕಿಗೆ ತಂದು ಅಲುಗಾಡಿಸಿದರೆ ಗಾಬರಿಯಾಗಿ ತನ್ನ ಮೊಟ್ಟೆಗಳನ್ನೇ ತಿಂದುಬಿಡುತ್ತದೆ. ನೋಡುವುದನ್ನೆಲ್ಲ ಮೊದಲ ದಿನ ನೋಡಿ ಮುಗಿಸಿ.

ಓಡಾಟ ಹೆಚ್ಚಿದ್ದರೆ ಟ್ಯೂಬನ್ನು ಮೂರರಿಂದ ಐದು ನಿಮಿಷ ಫ್ರಿಜ್ಜಿನ ಕೆಳಭಾಗದಲ್ಲಿಡಿ. ಫ್ರೀಜರಿನಲ್ಲಿ ಇಟ್ಟರೆ ಸಾಯುತ್ತದೆ. ನಂತರ ಬಿಳಿ ಹಾಳೆಯ ಮೇಲೆ, ಅಳತೆಪಟ್ಟಿಯ ಪಕ್ಕದಲ್ಲಿ ನಾಲ್ಕು ಫೋಟೊ ತೆಗೆಯಿರಿ. ನೇರ ಪಕ್ಕದಿಂದ ಒಂದು, ಮೇಲಿನಿಂದ ಒಂದು, ಮುಖ ಪೂರ್ತಿ ಕಾಣುವಂತೆ ಎದುರಿನಿಂದ ಒಂದು, ಹೊಟ್ಟೆಯ ತುದಿ ಕಾಣುವಂತೆ ಹಿಂದಿನಿಂದ ಒಂದು. ಒಂದೇ ಸಿಗುವುದಾದರೆ ಪಕ್ಕದಿಂದ ತೆಗೆದದ್ದು ಸಿಗಲಿ. ಗುರುತಿಸಲು ಬೇಕಾದ ಬಹುಪಾಲು ಅಂಶ ಅದರಲ್ಲಿದೆ.

ಉದ್ದ ಅಳೆಯುವಾಗ ಒಂದು ಎಚ್ಚರ. ಹೊಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದೇ ರಾಣಿ ಹಾರಿದ ದಿನ ಒಂದು ಉದ್ದ, ತಿಂಗಳ ನಂತರ ಇನ್ನೊಂದು. ಆದ್ದರಿಂದ ಒಟ್ಟು ಉದ್ದದ ಜೊತೆಗೆ ತಲೆಯ ಅಗಲವನ್ನೂ ಬರೆದುಕೊಳ್ಳಿ. ಅದು ಬದಲಾಗುವುದಿಲ್ಲ.

ಹಂತ 4: ಸೊಂಟದ ಗಂಟು ಎಣಿಸಿ

ಎಲ್ಲ ಹಂತಗಳಲ್ಲಿ ಇದು ಮುಖ್ಯವಾದದ್ದು. ಎದೆಗೂ ಹೊಟ್ಟೆಗೂ ನಡುವೆ ಇರುವೆಗೆ ಒಂದು ಅಥವಾ ಎರಡು ಬಿಡಿ ಗಂಟುಗಳಿರುತ್ತವೆ. ಭೂತಕನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಟ್ಯೂಬನ್ನು ಅದರತ್ತ ತನ್ನಿ. ಪಕ್ಕದಿಂದಲೇ ನೋಡಿ, ಮೇಲಿನಿಂದ ನೋಡಿದರೆ ಎರಡು ಗಂಟು ಒಂದಾಗಿ ಕಾಣುವುದುಂಟು.

ಎರಡು ಗಂಟಿದ್ದರೆ ಅದು ಬಹುತೇಕ ಮಿರ್ಮಿಸಿನೇ ಎಂಬ ಉಪಕುಟುಂಬ. ಉಪಕುಟುಂಬ ಎಂದರೆ ಹಲವು ಕುಲಗಳನ್ನು ಒಳಗೊಂಡ ದೊಡ್ಡ ಮನೆತನ. ಕೆಂಪಿರುವೆ ಎಂದು ನಾವು ಒಟ್ಟಾಗಿ ಕರೆಯುವ ಹಲವು ಇರುವೆಗಳು ಈ ಮನೆತನದವು. ಮೈ ಸಪೂರವಾಗಿ ಉದ್ದವಿದ್ದು, ಕಣ್ಣು ದೊಡ್ಡದಿದ್ದು, ಮರದ ಟೊಳ್ಳಿನ ಬಳಿ ಸಿಕ್ಕಿದ್ದರೆ ಮಾತ್ರ ಟೆಟ್ರಾಪೊನೆರಾ ಕುಲವನ್ನು ನೆನೆಯಿರಿ. ಅದಕ್ಕೂ ಎರಡು ಗಂಟು, ಆದರೆ ಮನೆತನ ಬೇರೆ. ತಲೆ, ಹೊಟ್ಟೆ ಕಪ್ಪಾಗಿ ನಡುಭಾಗ ಕೆಂಪಾಗಿರುವ ಟೆಟ್ರಾಪೊನೆರಾ ರುಫೊನೈಗ್ರಾದ ಕೊಂಡಿಯಿಂದ ಕೆಲವರಿಗೆ ತೀವ್ರ ಅಲರ್ಜಿಯಾದದ್ದು ದಾಖಲಾಗಿದೆ. ಅಂಥದ್ದನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಗಂಟು ಒಂದೇ ಇದ್ದರೆ ಹೊಟ್ಟೆಯ ಕಡೆಗೆ ಹೋಗಿ. ಹೊಟ್ಟೆಯ ಮೊದಲ ಮತ್ತು ಎರಡನೆಯ ಪಟ್ಟಿಗಳ ನಡುವೆ ದಾರ ಬಿಗಿದಂತೆ ಇಳುಕಲು ಇದೆಯೇ? ಜೊತೆಗೆ ತುದಿಯಲ್ಲಿ ಕೊಂಡಿ ಇದೆಯೇ? ಅದು ಪೊನೆರಿನೇ, ಬೇಟೆಗಾರ ಇರುವೆಗಳ ಮನೆತನ. ಇಳುಕಲು ಇಲ್ಲದಿದ್ದರೆ ಹೊಟ್ಟೆಯ ತುದಿಯನ್ನು ನೋಡಿ. ಸುತ್ತ ಕೂದಲ ಕುಚ್ಚಿರುವ ಪುಟ್ಟ ದುಂಡು ರಂಧ್ರ ಕಂಡರೆ ಫಾರ್ಮಿಸಿನೇ. ಗೊದ್ದ, ಚಗಳಿ ಎರಡೂ ಈ ಮನೆತನದವೇ. ಕೊಂಡಿಯಿಲ್ಲ, ಆ ರಂಧ್ರದಿಂದ ಹುಳಿ ನಾತದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ರಂಧ್ರದ ಬದಲು ಅಡ್ಡ ಸೀಳು ಇದ್ದರೆ ಡೊಲಿಕೊಡೆರಿನೇ. ಇದನ್ನು ನೋಡಲು ಹತ್ತು ಪಟ್ಟಿನ ಕನ್ನಡಿ ಸಣ್ಣ ರಾಣಿಗಳಲ್ಲಿ ಸಾಲದು. ಕಾಣಲಿಲ್ಲವಾದರೆ "ಕಾಣಲಿಲ್ಲ" ಎಂದೇ ಬರೆಯಿರಿ, ಊಹೆ ಬರೆಯಬೇಡಿ.

ಹಂತ 5: ಕುಡಿಮೀಸೆಯ ತುಂಡುಗಳು

ಕುಡಿಮೀಸೆಯ ಮೊದಲ ಉದ್ದನೆಯ ತುಂಡನ್ನು ಒಂದು ಎಂದು ಎಣಿಸಿ ತುದಿಯವರೆಗೆ ಬನ್ನಿ. ತುದಿಯ ತುಂಡುಗಳು ಗದೆಯಂತೆ ದಪ್ಪಗಾಗಿವೆಯೇ ನೋಡಿ; ಆಗಿದ್ದರೆ ಗದೆಯಲ್ಲಿ ಎಷ್ಟು ತುಂಡು ಎಂದೂ ಬರೆಯಿರಿ. ಕಣ್ಣಿನಿಂದ ಎಣಿಸಲು ಹೋದರೆ ತಪ್ಪುತ್ತದೆ, ಫೋಟೊ ಹಿಗ್ಗಿಸಿ ಎಣಿಸಿ, ಎರಡು ಸಲ ಎಣಿಸಿ.

ಎರಡು ಗಂಟಿನ ಮನೆತನದಲ್ಲಿ ಈ ಎಣಿಕೆಗೆ ತುಂಬ ಬೆಲೆ. ಫೆಡೋಲಿ ಕುಲಕ್ಕೆ ಸಾಮಾನ್ಯವಾಗಿ 12 ತುಂಡು, ಗದೆ ಮೂರರದ್ದು. ಮೆರನಾಪ್ಲಸ್‌ಗೆ 9 ಮಾತ್ರ. ಮಿರ್ಮಿಕೇರಿಯಾದಲ್ಲಿ ಬರಿಯ 7. ಇಷ್ಟು ಕಡಿಮೆ ಸಂಖ್ಯೆ ಸಿಕ್ಕರೆ ಕುಲ ಅಲ್ಲಿಯೇ ಗೊತ್ತಾದಂತೆ.

ಹಂತ 6: ನಮ್ಮ ಕಡೆ ಹೆಚ್ಚಾಗಿ ಸಿಗುವ ರಾಣಿಗಳೊಂದಿಗೆ ಹೋಲಿಸಿ

ಇಲ್ಲಿಯವರೆಗೆ ಬರೆದುಕೊಂಡದ್ದನ್ನು ಮುಂದಿಟ್ಟುಕೊಂಡು ಓದಿ. ಮೊದಲೇ ಈ ಭಾಗ ಓದಿ ಆಮೇಲೆ ಇರುವೆಯನ್ನು ನೋಡಿದರೆ, ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ.

ಗೊದ್ದ, ಅಂದರೆ ಕ್ಯಾಂಪೊನೋಟಸ್: ಒಂದು ಗಂಟು, ಕುಡಿಮೀಸೆ 12 ತುಂಡು, ಗದೆ ಇಲ್ಲ. ಖಚಿತ ಮಾಡಿಕೊಳ್ಳಲು ಮುಖದ ಫೋಟೊ ನೋಡಿ. ಬಾಯಿಯ ಮೇಲಿನ ಹಲಗೆಯ ಅಂಚಿನಿಂದ ತುಸು ದೂರ ಸರಿದು ಕುಡಿಮೀಸೆಯ ಬುಡ ಕೂತಿರುತ್ತದೆ. ಒಂದೂವರೆ ಸೆಂಟಿಮೀಟರ್ ದಾಟಿದ ಮಂಕು ಕಪ್ಪು ರಾಣಿಯಾದರೆ ಕಂಪ್ರೆಸಸ್ ಇರುವ ಸಾಧ್ಯತೆ ಹೆಚ್ಚು. ಆದರೆ ಕರಿದೆಲ್ಲ ಕಂಪ್ರೆಸಸ್ ಆಗುವುದಿಲ್ಲ. ಹೊಟ್ಟೆಯ ಮೇಲೆ ಒತ್ತಾಗಿ ಬಂಗಾರದ ಬಣ್ಣದ ರೋಮ ಇದ್ದರೆ ಸೆರಿಸಿಯಸ್ ಆಗಿರಬಹುದು. ರಾತ್ರಿ ದೀಪಕ್ಕೆ ಬಂದ ಹಳದಿ ಮಿಶ್ರಿತ ಕಂದು ರಾಣಿಯಾದರೆ ಇರಿಟಾನ್ಸ್ ಮತ್ತು ಅದರ ಹತ್ತಿರದವುಗಳನ್ನು ನೋಡಿ.

ಚಗಳಿ, ಕೆಂಜಿಗ, ಅಂದರೆ ಈಕೊಫಿಲಾ ಸ್ಮರಾಗ್ಡಿನಾ: ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಕೆಲಸಗಾರರನ್ನು ಕಂಡವರು ರಾಣಿಯೂ ಕೆಂಪಾಗಿರುತ್ತದೆ ಎಂದುಕೊಳ್ಳುತ್ತಾರೆ. ಅದರ ರಾಣಿ ಹಸಿರು ಮಿಶ್ರಿತ ಕಂದು, ಎರಡು ಸೆಂಟಿಮೀಟರ್ ದಾಟುತ್ತದೆ. ಮಾವಿನ ಎಲೆಯ ಮೇಲೆ ಇಷ್ಟು ದೊಡ್ಡ ಹಸಿರು ಛಾಯೆಯ ರಾಣಿ ಕಂಡರೆ ಬೇರೆ ಅನುಮಾನ ಬೇಕಿಲ್ಲ. ಒಂಟಿ ರಾಣಿಯಲ್ಲೇ ಪ್ರಭೇದದವರೆಗೆ ಹೇಳಬಹುದಾದ ಅಪರೂಪದ ಇರುವೆ ಇದು.

ಕ್ರೆಮಾಟೊಗಾಸ್ಟರ್: ಎರಡು ಗಂಟು, ಆದರೆ ಎರಡನೆಯ ಗಂಟು ಹೊಟ್ಟೆಯ ಮುಂಭಾಗಕ್ಕೆ ಸೇರದೆ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಹೊಟ್ಟೆಯನ್ನು ಬೆನ್ನ ಮೇಲೆತ್ತಿ ಓಡುವ ಇರುವೆಗಳು ಇವೇ. ಕುಲ ಸುಲಭ, ಪ್ರಭೇದ ಬಲು ಕಷ್ಟ.

ಫೆಡೋಲಿ ಮತ್ತು ಸೊಲೆನಾಪ್ಸಿಸ್: ಇವೆರಡನ್ನು ಕಲಸಿಕೊಳ್ಳದವರು ಕಡಿಮೆ. ಎದೆಯ ಹಿಂತುದಿ ನೋಡಿ. ಫೆಡೋಲಿಯಲ್ಲಿ ಅಲ್ಲಿ ಒಂದು ಜೊತೆ ಮುಳ್ಳು ಅಥವಾ ಹಲ್ಲು ಇರುತ್ತದೆ, ಸೊಲೆನಾಪ್ಸಿಸ್‌ನಲ್ಲಿ ಆ ಜಾಗ ನುಣುಪು. ತೋಟ, ಹುಲ್ಲುಹಾಸುಗಳಲ್ಲಿ ಉರಿಯುವಂತೆ ಕಚ್ಚುವ ಸೊಲೆನಾಪ್ಸಿಸ್ ಜೆಮಿನಾಟಾ ಅಮೆರಿಕ ಖಂಡದಿಂದ ಮನುಷ್ಯರ ಸಾಮಾನು ಸರಂಜಾಮಿನೊಂದಿಗೆ ಬಂದದ್ದು. ಇದನ್ನು ಬೇರೆ ಊರಿಗೆ ಒಯ್ಯಲೇಬೇಡಿ.

ಹಾರ್ಪೆಗ್ನಾಥೋಸ್ ಸಾಲ್ಟೇಟರ್: ಮೇಲಕ್ಕೆ ಬಾಗಿದ ಉದ್ದನೆಯ ದವಡೆ, ಮುಖದ ಮುಂಭಾಗಕ್ಕೆ ಬಂದ ಭಾರಿ ಕಣ್ಣು, ಮುಟ್ಟಲು ಹೋದರೆ ಜಿಗಿತ. 1851ರಲ್ಲಿ ಪ್ರಕೃತಿ ವಿಜ್ಞಾನಿ ಜೆರ್ಡನ್ ದಕ್ಷಿಣ ಭಾರತದ ಇರುವೆಗಳನ್ನು ಪಟ್ಟಿ ಮಾಡುವಾಗ ವಿವರಿಸಿದ ಇರುವೆ ಇದು. ಪಶ್ಚಿಮ ಘಟ್ಟದ ಕಡೆಯವರಿಗೆ ಕಣ್ಣಿಗೆ ಬಿದ್ದರೆ ಮರೆಯಲಾಗದು.

ಬಣ್ಣವನ್ನು ಕೊನೆಗೆ ನೋಡಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಹೊಸದಾಗಿ ಹೊರಬಂದ ರಾಣಿಯ ಚರ್ಮ ಪೂರ್ತಿ ಬಲಿತಿರುವುದಿಲ್ಲ, ತೆಳು ಬಣ್ಣದ್ದಾಗಿರುತ್ತದೆ. ಫ್ಲ್ಯಾಶ್ ಬೆಳಕಿನಲ್ಲಿ ಕಂದು ಕೆಂಪಾಗುತ್ತದೆ. ಒಂದೇ ಪ್ರಭೇದದೊಳಗೂ ಊರಿನಿಂದ ಊರಿಗೆ ಬಣ್ಣ ಬೇರೆಯಾಗುತ್ತದೆ.

ಹಂತ 7: ಮೊದಲ ಮಕ್ಕಳಿಗಾಗಿ ಕಾಯಿರಿ

ಇರುವೆ ಗುರುತಿಸಲು ತಜ್ಞರು ಬರೆದ ಪ್ರಶ್ನಾವಳಿಗಳು ಇವೆ. "ಮುಳ್ಳು ಇದೆಯೇ? ಇದ್ದರೆ ಐದಕ್ಕೆ ಹೋಗಿ, ಇಲ್ಲದಿದ್ದರೆ ಎಂಟಕ್ಕೆ ಹೋಗಿ" ಎಂಬ ಬಗೆಯವು. ಅವುಗಳಲ್ಲಿ ಬಹುಪಾಲು ಕೆಲಸಗಾರ ಇರುವೆಗಳನ್ನು ನೋಡಿ ಬರೆದವು. ರಾಣಿಯನ್ನು ಹಿಡಿದುಕೊಂಡು ಆ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದರೆ ದಾರಿ ತಪ್ಪುತ್ತದೆ. ಮೆರನಾಪ್ಲಸ್ ಕೆಲಸಗಾರನ ಬೆನ್ನ ಮೇಲೆ ಗುರಾಣಿಯಂಥ ಹಲಗೆಯಿದೆ. ಹಾರುವ ಎದೆಯ ರಾಣಿಗೆ ಆ ಗುರಾಣಿ ಇಲ್ಲ. ಪಾಲಿರ್ಯಾಕಿಸ್ ಕೆಲಸಗಾರನ ಎದೆಯ ಉದ್ದ ಮುಳ್ಳುಗಳು ರಾಣಿಯಲ್ಲಿ ಮೊಟಕಾಗುತ್ತವೆ. ಕ್ಯಾರೆಬಾರಾ ಡೈವರ್ಸಾದ ಸಣ್ಣ ಕೆಲಸಗಾರನಿಗಿಂತ ರಾಣಿ ಎಷ್ಟು ಪಟ್ಟು ದೊಡ್ಡದೆಂದರೆ ತಾಯಿ ಮಗು ಎಂದು ನಂಬುವುದೇ ಕಷ್ಟ. ಅದಕ್ಕೇ ಕಾಯಬೇಕು ಎಂದದ್ದು.

ಟೆಸ್ಟ್ ಟ್ಯೂಬಿನ ಮೂರನೆಯ ಒಂದು ಭಾಗ ನೀರು ತುಂಬಿ, ಹತ್ತಿಯಿಂದ ಬಿಗಿಯಾಗಿ ತಡೆಯಿರಿ. ರಾಣಿಯನ್ನು ಒಣ ಭಾಗಕ್ಕೆ ಬಿಟ್ಟು ಬಾಯಿಗೆ ಸಡಿಲವಾಗಿ ಹತ್ತಿ ಇಡಿ. ಕತ್ತಲಲ್ಲಿ, ಅಲುಗಾಟವಿಲ್ಲದ ಜಾಗದಲ್ಲಿಟ್ಟು ವಾರಕ್ಕೊಮ್ಮೆ ಮಾತ್ರ ನೋಡಿ. ಗೊದ್ದ, ಫೆಡೋಲಿಗಳಂಥ ರಾಣಿ ತನ್ನ ಹಾರಾಟದ ಸ್ನಾಯುಗಳನ್ನೇ ಕರಗಿಸಿ ಮೊದಲ ಮಕ್ಕಳನ್ನು ಸಾಕುತ್ತದೆ, ಅದಕ್ಕೆ ಆಹಾರ ಬೇಡ. ಪೊನೆರಿನೇ ಮನೆತನದ ರಾಣಿಗಳು ಹಾಗಲ್ಲ, ಅವು ಹೊರಗೆ ಬೇಟೆಯಾಡುತ್ತ ಗೂಡು ಕಟ್ಟುವಂಥವು. ಸಣ್ಣ ಹುಳು ಕೊಡದಿದ್ದರೆ ಸಾಯುತ್ತವೆ. ಹಂತ 4 ತಪ್ಪಿದರೆ ಅದರ ಬೆಲೆಯನ್ನು ರಾಣಿ ತೆರಬೇಕಾಗುತ್ತದೆ.

ಕಾಯುವಾಗ ಒಂದು ಗುರುತು ತಾನಾಗಿ ಸಿಗುತ್ತದೆ. ಮರಿಹುಳು ಬೆಳೆದು ಕೋಶವಾದಾಗ ರೇಷ್ಮೆಯ ಕಂದು ಗೂಡಿನೊಳಗೆ ಇದೆಯೇ, ಬೆತ್ತಲಾಗಿದೆಯೇ ನೋಡಿ. ಗೊದ್ದ ಮತ್ತು ಪೊನೆರಿನೇಗಳಲ್ಲಿ ಸಾಮಾನ್ಯವಾಗಿ ಗೂಡಿರುತ್ತದೆ. ಎರಡು ಗಂಟಿನವುಗಳಲ್ಲಿ ಇರುವುದಿಲ್ಲ. ನಿಮ್ಮ ಗಂಟಿನ ಎಣಿಕೆ ಸರಿಯಿತ್ತೇ ಎಂದು ಇದರಿಂದ ತಾಳೆ ನೋಡಿಕೊಳ್ಳಬಹುದು.

ಮೊದಲು ಹುಟ್ಟುವ ಕೆಲಸಗಾರರು ಅರೆಹೊಟ್ಟೆಯಲ್ಲಿ ಬೆಳೆದವರು, ಮಾಮೂಲಿಗಿಂತ ಪುಟ್ಟವರು. ಅವರ ಅಳತೆಯನ್ನು ನೆಚ್ಚಿ ಪ್ರಭೇದ ಹೇಳಬೇಡಿ. ದೊಡ್ಡ ತಲೆಯವರು ಹುಟ್ಟುವ ಕುಲವಾದರೆ ಅವರು ಬರುವವರೆಗೂ ತಡೆಯಿರಿ. ಕೆಲವು ತಿಂಗಳೇ ಆಗಬಹುದು.

ಹಂತ 8: ಹೆಸರು ಬರೆಯುವುದು ಮತ್ತು ಕೇಳುವುದು

ಈಗ ಆಂಟ್‌ವೆಬ್‌ನಂಥ ಜಾಲತಾಣದಲ್ಲಿ ನಿಮ್ಮ ಕುಲದ ರಾಣಿಯ ಮಾದರಿ ಫೋಟೊಗಳನ್ನು ತೆರೆದು ಹೋಲಿಸಿ. ಕೆಲಸಗಾರನ ಫೋಟೊ ತೆರೆದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಜೀವಿಗಳ ಫೋಟೊ ಹಾಕಿ ಹೆಸರು ಕೇಳುವ ತಾಣವಾದ ಐನ್ಯಾಚುರಲಿಸ್ಟ್‌ನಲ್ಲಿ ನಾಲ್ಕೂ ಫೋಟೊ, ಸ್ಥಳ, ದಿನಾಂಕ ಹಾಕಿ ಕೇಳಿ. ಮೊಬೈಲ್ ತಾನಾಗಿ ಸೂಚಿಸುವ ಹೆಸರನ್ನು ಒಪ್ಪಿಬಿಡಬೇಡಿ, ರಾಣಿಗಳ ವಿಷಯದಲ್ಲಿ ಅದು ಬಹಳ ತಪ್ಪುತ್ತದೆ. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಜಾಲತಾಣದಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ. ಕ್ಯಾರೆಬಾರಾ ಡೈವರ್ಸಾ 2014ರವರೆಗೆ ಫೆಡೊಲಾಜೆಟನ್ ಕುಲದಲ್ಲಿತ್ತು. ಅದೇ ವರ್ಷ ಪ್ಯಾಕಿಕಾಂಡಿಲಾ ಎಂಬ ದೊಡ್ಡ ಕುಲವೂ ಹಲವು ಕುಲಗಳಾಗಿ ಒಡೆಯಿತು.

ಖಚಿತವಾದಷ್ಟನ್ನೇ ಬರೆಯಿರಿ. "ಕ್ಯಾಂಪೊನೋಟಸ್, ಪ್ರಭೇದ ತಿಳಿದಿಲ್ಲ, ತುಮಕೂರು, ಮೇ 12, ಸಂಜೆ 7" ಎಂಬ ಚೀಟಿ, ಊಹೆಯಿಂದ ಬರೆದ ಪೂರ್ತಿ ಹೆಸರಿಗಿಂತ ಸಂಶೋಧಕರಿಗೆ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಪ್ಪು ಹೆಸರು ಒಮ್ಮೆ ದಾಖಲಾದರೆ ಅದನ್ನು ನೋಡಿ ಇನ್ನೂ ಹತ್ತು ಜನ ತಪ್ಪುತ್ತಾರೆ.

ರಾಣಿ ಸತ್ತರೆ ಎಸೆಯಬೇಡಿ. ಸಣ್ಣ ಸೀಸೆಯಲ್ಲಿ 95 ಶೇಕಡ ಆಲ್ಕೋಹಾಲಿನಲ್ಲಿಟ್ಟು, ಹಂತ 1ರ ವಿವರಗಳ ಚೀಟಿಯನ್ನು ಒಳಗೇ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಬೆಂಗಳೂರಿನ ಜಿಕೆವಿಕೆಯಂಥ ಕೃಷಿ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗದವರನ್ನು ಮೊದಲೇ ವಿಚಾರಿಸಿ, ಒಪ್ಪಿದರೆ ಒಯ್ದು ತೋರಿಸಿ. ಹೊರದೇಶಕ್ಕೆ ಕಳಿಸುವುದು, ಮಾರುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆ ಇಂಥದ್ದಕ್ಕೆ ಕಟ್ಟುಪಾಡು ಹಾಕಿದೆ. ಕೀನ್ಯಾದಲ್ಲಿ 2025ರಲ್ಲಿ ಸುಮಾರು ಐದು ಸಾವಿರ ರಾಣಿ ಇರುವೆಗಳನ್ನು ಟ್ಯೂಬುಗಳಲ್ಲಿ ಸಾಗಿಸಲು ಹೊರಟವರಿಗೆ ನ್ಯಾಯಾಲಯ ದಂಡ ವಿಧಿಸಿತು. ಪ್ರತಿ ರಾಣಿಯೂ ಮುಂದೆ ಒಂದು ಗೂಡಾಗಬೇಕಿದ್ದದ್ದು ಎಂಬುದನ್ನು ನೆನಪಿಡಿ.

ಸಾಕುವ ಮನಸ್ಸಿಲ್ಲದಿದ್ದರೆ ಫೋಟೊ ತೆಗೆದ ಸಂಜೆಯೇ ಬಿಟ್ಟುಬಿಡಿ. ಎಲ್ಲಿ ಸಿಕ್ಕಿತೋ ಅಲ್ಲಿಯೇ, ಮಣ್ಣು ಇನ್ನೂ ಹಸಿಯಿರುವಾಗ, ಒಂದು ಕಲ್ಲಿನ ಇಲ್ಲವೇ ತರಗೆಲೆಯ ಮರೆಯಲ್ಲಿ ಟ್ಯೂಬನ್ನು ಮಲಗಿಸಿ ಹತ್ತಿ ತೆಗೆಯಿರಿ. ತಾನಾಗಿ ಹೊರಬರುವವರೆಗೆ ಅಲ್ಲಾಡಿಸಬೇಡಿ.